ಪದ್ಯ ಮೊದಲು, ಅರ್ಥ ಆಮೇಲೆ: ಅಮೆರಿಕದ ಅಧ್ಯಕ್ಷರ ಸಿದ್ಧಾಂತಗಳನ್ನು ಓದುವ ಕ್ರಮ

ಕಾಸರಗೋಡಿನಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟುವಿಗೋ ಡಿಗ್ರಿಗೋ ಚರಿತ್ರೆ, ರಾಜ್ಯಶಾಸ್ತ್ರ ತೆಗೆದುಕೊಂಡ ಮಕ್ಕಳಿಗೆ ಒಂದು ಪಾಠ ಯಾವಾಗಲೂ ತೊಡಕು ಕೊಡುತ್ತದೆ. ಮನ್ರೋ ಸಿದ್ಧಾಂತ, ಟ್ರೂಮನ್ ಸಿದ್ಧಾಂತ, ಐಸೆನ್‌ಹೋವರ್, ನಿಕ್ಸನ್, ಕಾರ್ಟರ್, ರೇಗನ್, ಬುಷ್. ಹೆಸರು, ಇಸವಿ, ಒಂದು ಸಾಲಿನ ಸಾರಾಂಶ ಇಷ್ಟನ್ನೇ ಬಾಯಿಪಾಠ ಮಾಡಿದರೆ ವಾರದೊಳಗೆ ಒಂದಕ್ಕೊಂದು ಬೆರೆತುಹೋಗುತ್ತದೆ. ಅದು ನೆನಪಿನ ದೋಷವಲ್ಲ, ಸಾರಾಂಶದ ದೋಷ. ‘ಕಮ್ಯುನಿಸಮ್ಮನ್ನು ತಡೆಯುವುದು’ ಎಂಬ ಒಂದೇ ಸಾಲನ್ನು ಟ್ರೂಮನ್, ಐಸೆನ್‌ಹೋವರ್, ಜಾನ್ಸನ್, ರೇಗನ್ ನಾಲ್ವರ ಹೆಸರಿನ ಕೆಳಗೂ ಬರೆಯಬಹುದು. ಬರೆದರೆ ತಪ್ಪೆನ್ನುವ ಹಾಗಿಲ್ಲ, ಆದರೆ ನಾಲ್ವರಲ್ಲಿ ಯಾರು ಏನು ಮಾಡಿದರು ಎಂಬುದು ಅದರಿಂದ ತಿಳಿಯುವುದಿಲ್ಲ.

ವೇಷ, ಕುಣಿತವಿಲ್ಲದೆ ಕೂತು ಹಾಡು–ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆ ಕೇಳಿ ಬೆಳೆದವರ ಕೈಯಲ್ಲಿ ಇದಕ್ಕೆ ಬೇಕಾದ ಕ್ರಮ ಆಗಲೇ ಉಂಟು. ಭಾಗವತರು ಹಾಡುವ ಪದ್ಯ ನಾಲ್ಕು ಸಾಲು. ಅದರ ಮೇಲೆ ಅರ್ಥಧಾರಿ ಅರ್ಧ ಗಂಟೆ ಮಾತಾಡುತ್ತಾರೆ. ಪದ್ಯದಲ್ಲಿ ಇದ್ದದ್ದೆಷ್ಟು, ಅರ್ಥದಲ್ಲಿ ಸೇರಿದ್ದೆಷ್ಟು ಎಂದು ಗುರುತಿಸುವುದು ಒಳ್ಳೆಯ ಕೇಳುಗನ ಲಕ್ಷಣ. ಅಮೆರಿಕದ ಅಧ್ಯಕ್ಷರ ಸಿದ್ಧಾಂತವೂ ಹೀಗೆಯೇ. ಅಧ್ಯಕ್ಷರು ನಿಜವಾಗಿ ಆಡಿದ್ದು ಒಂದೆರಡು ಪ್ಯಾರಾ. ಉಳಿದದ್ದು ಪತ್ರಕರ್ತರು, ಸಂಸದರು, ಮುಂದಿನ ಅಧ್ಯಕ್ಷರು ಹೇಳಿದ ಅರ್ಥ.

ಒಂದು ಮಾತನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಸಿದ್ಧಾಂತ ಕಾನೂನಲ್ಲ, ಒಪ್ಪಂದವಲ್ಲ, ಸಂವಿಧಾನದ ಭಾಗವೂ ಅಲ್ಲ. ಯುದ್ಧ ಘೋಷಿಸುವ, ಖರ್ಚಿಗೆ ಹಣ ಮಂಜೂರು ಮಾಡುವ ಅಧಿಕಾರ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನದು. ಸೇನೆಯ ದಂಡನಾಯಕತ್ವ ಅಧ್ಯಕ್ಷರದು. ಒಪ್ಪಂದ ಊರ್ಜಿತವಾಗಲು ಅದರ ಮೇಲ್ಮನೆಯಾದ ಸೆನೆಟ್ಟಿನ ಮೂರನೇ ಎರಡು ಭಾಗದ ಸಮ್ಮತಿ ಬೇಕು. ಸಿದ್ಧಾಂತವೆಂದರೆ ‘ಇಂಥ ಜಾಗದಲ್ಲಿ, ಇಂಥ ಅಪಾಯ ಬಂದರೆ, ನಾವು ಹೀಗೆ ಮಾಡುತ್ತೇವೆ’ ಎಂದು ಅಧ್ಯಕ್ಷರು ಮುಂಚಿತವಾಗಿ ಸಾರುವುದು. ಅದಕ್ಕೆ ತೂಕ ಬರುವುದು ಅದರ ಹಿಂದೆ ಕಾಯ್ದೆ, ಹಣ, ಪಡೆ ಬಂದರೆ ಮಾತ್ರ.

ನೋಟ್‌ಬುಕ್ ಹಾಕುವ ಬಗೆ

ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಅಟ್ಲಾಸ್, ಇಂಟರ್‌ನೆಟ್ ಇರುವ ಒಂದು ಫೋನ್ ಸಾಕು. ಒಂದು ಸಿದ್ಧಾಂತಕ್ಕೆ ಎದುರುಬದುರಾದ ಎರಡು ಪುಟ. ಎಡಪುಟ ಪೂರ್ತಿ ಪದ್ಯಕ್ಕೆ, ಅಂದರೆ ಅಧ್ಯಕ್ಷರ ಮೂಲ ಮಾತಿಗೆ. ಬಲಪುಟವನ್ನು ನಾಲ್ಕು ಖಾನೆ ಮಾಡಿ: ಕಾಯ್ದೆ, ಹಣ, ಪಡೆ, ಬಿಟ್ಟದ್ದು. ‘ಬಿಟ್ಟದ್ದು’ ಎಂದರೆ ಆ ಸಿದ್ಧಾಂತ ಅನ್ವಯಿಸಬಹುದಾಗಿದ್ದರೂ ಅಮೆರಿಕ ಅನ್ವಯಿಸದೆ ಬಿಟ್ಟ ಸಂದರ್ಭ. ಈ ಖಾನೆಯನ್ನು ಹೆಚ್ಚಿನವರು ಹಾಕುವುದೇ ಇಲ್ಲ. ಆದರೆ ಸಿದ್ಧಾಂತದ ನಿಜವಾದ ಗಡಿ ಕಾಣುವುದು ಅಲ್ಲಿಯೇ.

ಪುಟದ ತಲೆಯಲ್ಲಿ ಹೆಸರಿಗಿಂತ ಮೊದಲು ದಿನಾಂಕ ಬರೆಯಿರಿ. ಮೂಲಪಾಠ ಹುಡುಕುವಾಗಲೂ ಸಿದ್ಧಾಂತದ ಹೆಸರು ಹಾಕಬೇಡಿ. ಅಧ್ಯಕ್ಷರ ಹೆಸರು, ಭಾಷಣದ ದಿನಾಂಕ ಹಾಕಿ. ಹೆಸರು ಹಾಕಿದರೆ ಸಿಕ್ಕುವುದು ಇತರರ ವಿವರಣೆ, ದಿನಾಂಕ ಹಾಕಿದರೆ ಭಾಷಣವೇ ಸಿಕ್ಕುತ್ತದೆ. ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರ ‘ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್’ ಎಂಬ ತಾಣದಲ್ಲಿ ಅಧ್ಯಕ್ಷರ ಭಾಷಣಗಳು ಉಚಿತವಾಗಿ, ಪೂರ್ತಿಯಾಗಿ ಉಂಟು. ಹೆಸರನ್ನು ನಂಬಬಾರದು ಎನ್ನಲು ಇನ್ನೊಂದು ಕಾರಣವೂ ಇದೆ. ಮನ್ರೋ 1823ರಲ್ಲಿ ಸಂದೇಶ ಕಳುಹಿಸಿದಾಗ ಅದಕ್ಕೆ ‘ಮನ್ರೋ ಸಿದ್ಧಾಂತ’ ಎಂಬ ಹೆಸರಿರಲಿಲ್ಲ. ದಶಕಗಳ ಮೇಲೆ ಬಂತು. ರೇಗನ್ ಸಿದ್ಧಾಂತ ಎಂಬ ಹೆಸರನ್ನು 1985ರಲ್ಲಿ ಬಳಕೆಗೆ ತಂದವರು ಚಾರ್ಲ್ಸ್ ಕ್ರೌಟ್‌ಹ್ಯಾಮರ್ ಎಂಬ ಅಂಕಣಕಾರ.

ಪದ್ಯದಲ್ಲಿ ಗೆರೆ ಎಳೆಯಬೇಕಾದ ನಾಲ್ಕು ಜಾಗ

ಮೂಲದ ಆ ಪ್ಯಾರಾವನ್ನು ಕೈಯಲ್ಲೇ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆದು ಕೆಳಗೆ ಕನ್ನಡ ಮಾಡಿ. ಆಮೇಲೆ ನಾಲ್ಕು ಕಡೆ ಗೆರೆ ಎಳೆಯಿರಿ: ಯಾವ ಜಾಗ, ಯಾರಿಂದ ಅಪಾಯ, ಎಷ್ಟು ಬಿಗಿಯಾದ ಕ್ರಿಯಾಪದ, ಯಾವ ಸಾಧನ. ನಮ್ಮ ಜಿಲ್ಲೆಯವರಿಗೆ ಅತ್ಯಂತ ಹತ್ತಿರವಾದ ಕಾರ್ಟರ್ ಸಿದ್ಧಾಂತವನ್ನೇ ತೆಗೆದುಕೊಳ್ಳೋಣ. ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲ್ ಕಡೆಗಳಲ್ಲಿ ಗಲ್ಫಿಗೆ ಹೋದವರಿಲ್ಲದ ಓಣಿ ಸಿಕ್ಕುವುದು ಕಷ್ಟ. ಅವರು ದುಡಿಯುವ ಆ ಕೊಲ್ಲಿಯ ಬಗ್ಗೆಯೇ ಈ ಪದ್ಯ.

1980ರ ಜನವರಿ 23, ಕಾಂಗ್ರೆಸ್ಸಿನ ಮುಂದೆ ವಾರ್ಷಿಕ ಭಾಷಣ. ಅದಕ್ಕೆ ಒಂದು ತಿಂಗಳು ಹಿಂದೆ, 1979ರ ಡಿಸೆಂಬರಿನಲ್ಲಿ, ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ಇಳಿದಿತ್ತು. ಅದೇ ವರ್ಷ ಇರಾನಿನಲ್ಲಿ ಷಾ ಆಡಳಿತ ಬಿದ್ದಿತ್ತು. ಕಾರ್ಟರ್ ಹೇಳಿದ್ದು ಹೀಗೆ: ಪರ್ಷಿಯನ್ ಕೊಲ್ಲಿ ಪ್ರದೇಶದ ಮೇಲೆ ಹತೋಟಿ ಪಡೆಯಲು ಹೊರಗಿನ ಯಾವುದೇ ಶಕ್ತಿ ಯತ್ನಿಸಿದರೆ ಅದನ್ನು ಅಮೆರಿಕದ ಪ್ರಾಣಪ್ರಾಯ ಹಿತಾಸಕ್ತಿಯ ಮೇಲಿನ ದಾಳಿ ಎಂದು ಎಣಿಸಲಾಗುವುದು, ಸೇನಾಬಲವೂ ಸೇರಿದಂತೆ ಬೇಕಾದ ಎಲ್ಲ ಮಾರ್ಗಗಳಿಂದ ಅದನ್ನು ಹಿಮ್ಮೆಟ್ಟಿಸಲಾಗುವುದು.

ಇದರಲ್ಲಿ ಜಾಗ: ಪರ್ಷಿಯನ್ ಕೊಲ್ಲಿ. ಕ್ರಿಯಾಪದ: ಹಿಮ್ಮೆಟ್ಟಿಸಲಾಗುವುದು, ‘ಪರಿಶೀಲಿಸಲಾಗುವುದು’ ಎಂದಲ್ಲ. ಸಾಧನ: ಸೇನೆಯ ಹೆಸರನ್ನೇ ಹೇಳಿದ್ದಾರೆ. ಅಪಾಯ ಯಾರಿಂದ? ‘ಹೊರಗಿನ ಶಕ್ತಿ’ಯಿಂದ. ಕನ್ನಡದ ಸಾರಾಂಶಗಳಲ್ಲಿ ಕೈತಪ್ಪುವುದು ಈ ಒಂದು ವಿಶೇಷಣ. ‘ಕೊಲ್ಲಿಯ ಮೇಲೆ ಯಾರು ದಾಳಿ ಮಾಡಿದರೂ’ ಎಂದು ಬರೆದುಬಿಟ್ಟರೆ ಮುಂದಿನ ಹತ್ತು ವರ್ಷದ ಚರಿತ್ರೆ ಅರ್ಥವಾಗುವುದಿಲ್ಲ. 1980ರ ಸೆಪ್ಟೆಂಬರಿನಲ್ಲಿ ಇರಾಕ್ ಇರಾನಿನ ಮೇಲೆ ಬಿದ್ದಿತು. ಇಬ್ಬರೂ ಕೊಲ್ಲಿಯ ಒಳಗಿನವರೇ. ಆದ್ದರಿಂದ ಪದ್ಯದ ಮಾತು ನೇರವಾಗಿ ಅನ್ವಯಿಸಲಿಲ್ಲ. 1981ರ ಅಕ್ಟೋಬರಿನಲ್ಲಿ ರೇಗನ್, ಸೌದಿ ಅರೇಬಿಯಾವನ್ನು ಇನ್ನೊಂದು ಇರಾನ್ ಆಗಲು ಬಿಡುವುದಿಲ್ಲ ಎಂದು ಸೇರಿಸಿದರು. ಒಳಗಿನ ಅಪಾಯವೂ ಲೆಕ್ಕಕ್ಕೆ ಬಂತು. ಇದು ಪದ್ಯವಲ್ಲ, ಎರಡನೆಯ ಅರ್ಥಧಾರಿಯ ವಿಸ್ತರಣೆ. ನೋಟ್‌ಬುಕ್ಕಿನಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಬರಬೇಕು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗಲೂ ದಾಳಿಕಾರ ಹೊರಗಿನವನಲ್ಲ. ಆದರೆ ಅಷ್ಟರಲ್ಲಿ ಅರ್ಥ ಬೆಳೆದಿತ್ತು, ಪಡೆಯೂ ಬೆಳೆದಿತ್ತು. ಆ ಯುದ್ಧಕಾಲದಲ್ಲಿ ಕುವೈತಿನಿಂದ ಅಮ್ಮಾನ್ ದಾರಿಯಾಗಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಊರಿಗೆ ಕರೆತಂದದ್ದನ್ನು ಮನೆಯ ಹಿರಿಯರು ಹೇಳಿ ನೀವು ಕೇಳಿರಬಹುದು.

ಪಡೆ ಖಾನೆಗೆ ಕಾರ್ಟರ್ ಪುಟದಲ್ಲಿ ಬರೆಯಬೇಕಾದದ್ದು: 1980ರ ಮಾರ್ಚಿನಲ್ಲಿ ಸ್ಥಾಪಿಸಿದ ಕ್ಷಿಪ್ರ ನಿಯೋಜನೆಯ ಜಂಟಿ ಪಡೆ, ಅದೇ 1983ರ ಜನವರಿ 1ರಿಂದ ಸೆಂಟ್ರಲ್ ಕಮಾಂಡ್ ಆಯಿತು. ಇಂದು ಪೇಪರಿನಲ್ಲಿ ‘ಸೆಂಟ್‌ಕಾಮ್’ ಎಂದು ಓದುವುದು ಇದನ್ನೇ. 1987–88ರಲ್ಲಿ ಕುವೈತಿನ ತೈಲ ಹಡಗುಗಳಿಗೆ ಅಮೆರಿಕದ ಬಾವುಟ ಹಾರಿಸಿ ನೌಕಾಪಡೆ ಬೆಂಗಾವಲು ಕೊಟ್ಟದ್ದೂ ಅದೇ ಖಾನೆಗೆ ಸೇರಬೇಕು. ಒಂದು ವಾಕ್ಯದಿಂದ ಒಂದು ಶಾಶ್ವತ ಸೇನಾ ಕಮಾಂಡಿನವರೆಗೆ ಮೂರು ವರ್ಷ ಸಾಕಾಯಿತು. ಮಾತಿಗೆ ತೂಕ ಬರುವುದೆಂದರೆ ಇದು.

ಹಣದ ಖಾನೆ ಕಲಿಯಲು ಟ್ರೂಮನ್

ಕಾಯ್ದೆ, ಹಣ ಎರಡೂ ಸ್ಪಷ್ಟವಾಗಿರುವ ಉದಾಹರಣೆ ಟ್ರೂಮನ್ ಸಿದ್ಧಾಂತ. ಹೊಸಬರು ಇದರಿಂದಲೇ ಆರಂಭಿಸುವುದು ಒಳ್ಳೆಯದು. 1947ರ ಫೆಬ್ರವರಿ 21ರಂದು ಬ್ರಿಟನ್ ತಿಳಿಸಿತು: ಗ್ರೀಸಿಗೂ ತುರ್ಕಿಗೂ ನಾವು ಕೊಡುತ್ತಿದ್ದ ನೆರವು ಮಾರ್ಚ್ ಮುಗಿದ ಮೇಲೆ ಇಲ್ಲ. ಮಾರ್ಚ್ 12ರಂದು ಟ್ರೂಮನ್ ಕಾಂಗ್ರೆಸ್ಸಿನ ಜಂಟಿ ಅಧಿವೇಶನದಲ್ಲಿ 40 ಕೋಟಿ ಡಾಲರ್ ಕೇಳಿದರು. ಸೆನೆಟ್ಟಿನಲ್ಲಿ 67–23, ಕೆಳಮನೆಯಲ್ಲಿ 287–107 ಮತಗಳಿಂದ ಮಸೂದೆ ಪಾಸಾಗಿ, ಮೇ 22ರಂದು ಸಹಿ ಬಿತ್ತು. ಭಾಷಣದಿಂದ ಕಾಯ್ದೆಗೆ 71 ದಿನ.

ಪದ್ಯ ಓದುವಾಗ ಎರಡು ಸಂಗತಿ ಗಮನಿಸಿ. ಕೇಳಿದ ಹಣ ಎರಡೇ ದೇಶಕ್ಕೆ. ಆದರೆ ಆಡಿದ ಮಾತು ಇಡೀ ಜಗತ್ತಿಗೆ. ಸಶಸ್ತ್ರ ಅಲ್ಪಸಂಖ್ಯಾತರ ಅಥವಾ ಹೊರಗಿನ ಒತ್ತಡದ ಎದುರು ನಿಂತಿರುವ ಸ್ವತಂತ್ರ ಜನತೆಯನ್ನು ಬೆಂಬಲಿಸುವುದು ಅಮೆರಿಕದ ನೀತಿಯಾಗಬೇಕು ಎಂದರು. ಮಾತಿನ ಅಗಲಕ್ಕೂ ಹಣದ ಅಗಲಕ್ಕೂ ನಡುವಿನ ಈ ಅಂತರವೇ ಮುಂದಿನ ನಲವತ್ತು ವರ್ಷದ ವಾದಕ್ಕೆ ಬೀಜ. ಎರಡನೆಯದು, ಭಾಷಣದಲ್ಲಿ ಸೋವಿಯತ್ ಒಕ್ಕೂಟದ ಹೆಸರೇ ಬರುವುದಿಲ್ಲ. ‘ಸೋವಿಯತ್ ಒಕ್ಕೂಟವನ್ನು ಎಚ್ಚರಿಸಿ ಟ್ರೂಮನ್ ಹೇಳಿದರು’ ಎಂದು ಬರೆದರೆ ಅದು ಅರ್ಥ, ಪದ್ಯವಲ್ಲ; ಹಾಗೆಂದು ಗುರುತು ಹಾಕಿಯೇ ಬರೆಯಬೇಕು.

ಲೆಕ್ಕ ಮಾಡಿ ನೋಡುವ ಅಭ್ಯಾಸವೂ ಇಲ್ಲಿಂದ ಬರಲಿ. ಎರಡನೆಯ ಮಹಾಯುದ್ಧಕ್ಕೆ ಅಮೆರಿಕ 34,100 ಕೋಟಿ ಡಾಲರ್ ಹಾಕಿದೆ, ಈಗ ಕೇಳುತ್ತಿರುವುದು ಅದರ ನೂರರಲ್ಲೊಂದು ಭಾಗದ ಹತ್ತನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಎಂದು ಟ್ರೂಮನ್ ಅದೇ ಭಾಷಣದಲ್ಲಿ ಹೇಳಿದರು. 40ನ್ನು 34,100ರಿಂದ ಭಾಗಿಸಿ 100ರಿಂದ ಗುಣಿಸಿದರೆ 0.117 ಬರುತ್ತದೆ, ಲೆಕ್ಕ ಸರಿ. ಮಿಲಿಯ, ಬಿಲಿಯ, ಕೋಟಿ ಬದಲಾಯಿಸುವಾಗ ಸೊನ್ನೆ ತಪ್ಪುವುದು ಸಾಮಾನ್ಯ. ಒಂದು ಬಿಲಿಯ ನೂರು ಕೋಟಿ ಎಂಬುದನ್ನು ಪುಟದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.

‘ಬಿಟ್ಟದ್ದು’ ಖಾನೆಗೆ: 1948ರ ಫೆಬ್ರವರಿಯಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಾಗ ಅಮೆರಿಕ ಮಧ್ಯೆ ಬೀಳಲಿಲ್ಲ. ಇನ್ನೊಂದು ತಪ್ಪು ತೀರ ಸಾಮಾನ್ಯ: ಮಾರ್ಷಲ್ ಯೋಜನೆಯನ್ನು ಟ್ರೂಮನ್ ಸಿದ್ಧಾಂತದ ಒಳಗೆ ಸೇರಿಸಿಬಿಡುವುದು. ಅದು ಬೇರೆ. 1947ರ ಜೂನ್ 5ರಂದು ಹಾರ್ವರ್ಡಿನಲ್ಲಿ ವಿದೇಶಾಂಗ ಮಂತ್ರಿ ಮಾರ್ಷಲ್ ಪ್ರಕಟಿಸಿದ್ದು, ಕಾಯ್ದೆಯಾದದ್ದು 1948ರ ಏಪ್ರಿಲ್ 3ರಂದು.

ಕಾಯ್ದೆಯ ಖಾನೆ ಎಲ್ಲರಿಗೂ ಒಂದೇ ರೀತಿ ತುಂಬುವುದಿಲ್ಲ. ಐಸೆನ್‌ಹೋವರ್ 1957ರ ಜನವರಿ 5ರಂದು ಪಶ್ಚಿಮ ಏಷ್ಯಾದ ಬಗ್ಗೆ ಮಾತಾಡಿ, ಮಾರ್ಚ್ 9ಕ್ಕೆ ಕಾಂಗ್ರೆಸ್ಸಿನ ಜಂಟಿ ಠರಾವಿಗೆ ಸಹಿ ಹಾಕಿದರು. 1958ರ ಜುಲೈ 15ರಂದು ಲೆಬನಾನಿನಲ್ಲಿ ಪಡೆ ಇಳಿಯಿತು, ಒಟ್ಟು ಸುಮಾರು 14,000 ಮಂದಿ. ಪದ್ಯದಲ್ಲಿದ್ದದ್ದು ಕಮ್ಯುನಿಸ್ಟ್ ಹತೋಟಿಯ ದೇಶದಿಂದ ಬಹಿರಂಗ ದಾಳಿ; ಲೆಬನಾನಿನಲ್ಲಿ ನಡೆಯುತ್ತಿದ್ದದ್ದು ಮುಖ್ಯವಾಗಿ ಒಳಜಗಳ. ಮಾತಿಗೂ ಸಂದರ್ಭಕ್ಕೂ ಪೂರ್ತಿ ತಾಳೆಯಾಗದ್ದನ್ನು ಬರೆದಿಡಿ. ಕಮ್ಯುನಿಸ್ಟ್ ಪರ ಸರಕಾರಗಳ ವಿರುದ್ಧ ಕಾದುವ ಬಂಡುಕೋರರಿಗೆ ನೆರವು ಕೊಡುವುದು ರೇಗನ್ ಸಿದ್ಧಾಂತ; ಆ ಪುಟದಲ್ಲಿ ಕಾಯ್ದೆ ಸಿದ್ಧಾಂತಕ್ಕೆ ಎದುರಾಗಿಯೇ ನಿಂತಿತ್ತು. ನಿಕರಾಗುವದ ಕಾಂಟ್ರಾ ಬಂಡುಕೋರರಿಗೆ ನೆರವು ನಿರ್ಬಂಧಿಸುವ ಬೋಲೆಂಡ್ ತಿದ್ದುಪಡಿಗಳನ್ನು ಕಾಂಗ್ರೆಸ್ ಮಾಡಿತ್ತು; ಅದನ್ನು ತಪ್ಪಿಸಿ, ಇರಾನಿಗೆ ಆಯುಧ ಮಾರಿದ ಹಣವನ್ನು ಕಾಂಟ್ರಾಗಳಿಗೆ ತಿರುಗಿಸಿದ್ದು 1986ರ ನವೆಂಬರಿನಲ್ಲಿ ಇರಾನ್–ಕಾಂಟ್ರಾ ಹಗರಣವಾಗಿ ಹೊರಬಿತ್ತು. 1973ರ ನಂತರದ ಪ್ರತಿಯೊಂದು ಪುಟದಲ್ಲೂ ಯುದ್ಧಾಧಿಕಾರ ಠರಾವನ್ನು ನಮೂದಿಸಿ: ಪಡೆ ಕಳುಹಿಸಿದ 48 ಗಂಟೆಯೊಳಗೆ ಕಾಂಗ್ರೆಸ್ಸಿಗೆ ವರದಿ, ಅನುಮತಿ ಸಿಗದಿದ್ದರೆ 60 ದಿನ, ಹಿಂತೆಗೆಯಲು ಮತ್ತೆ 30 ದಿನ. ನಿಕ್ಸನ್ನರ ವೀಟೋವನ್ನು ಮೀರಿ ಪಾಸಾದ ಠರಾವು ಅದು.

ಪದ್ಯವೇ ಸಿಗದ ಕಡೆ

ನಿಕ್ಸನ್, ಬುಷ್ ಎರಡು ಸಿದ್ಧಾಂತಗಳಲ್ಲಿ ಎಡಪುಟ ತುಂಬುವುದು ಕಷ್ಟ. ನಿಕ್ಸನ್ ತನ್ನ ಮಾತನ್ನು ಮೊದಲು ಆಡಿದ್ದು 1969ರ ಜುಲೈ 25ರಂದು, ಗ್ವಾಮ್ ದ್ವೀಪದಲ್ಲಿ, ಪತ್ರಕರ್ತರ ಜೊತೆಗಿನ ಅನೌಪಚಾರಿಕ ಮಾತುಕತೆಯಲ್ಲಿ. ಸಂಸತ್ತಿನ ಭಾಷಣ ಅದಾಗಿರಲಿಲ್ಲ. ಆದ್ದರಿಂದ ಪಾಠ ಬೇಕಾದರೆ ಅದೇ ವರ್ಷದ ನವೆಂಬರ್ 3ರ ಭಾಷಣಕ್ಕೆ ಹೋಗಬೇಕು. ಅಲ್ಲಿ ಮೂರು ಅಂಶ ಸರಿಯಾಗಿ ಇವೆ: ಒಪ್ಪಂದಗಳಿಗೆ ಬದ್ಧ, ಅಣುಶಕ್ತಿ ರಾಷ್ಟ್ರ ಮಿತ್ರರನ್ನು ಬೆದರಿಸಿದರೆ ರಕ್ಷಣೆಯ ಗುರಾಣಿ, ಉಳಿದ ದಾಳಿಗಳಲ್ಲಿ ಆಯುಧ, ಹಣ ಕೊಡುತ್ತೇವೆ, ಕಾದುವ ಜನರನ್ನು ಆಯಾ ದೇಶವೇ ಕೊಡಬೇಕು. ಇದರ ಹಣದ ಖಾನೆಯಲ್ಲಿ ಷಾನ ಇರಾನಿಗೆ ಮಾರಿದ ಆಯುಧಗಳು ಬರುತ್ತವೆ. ಆ ಷಾ 1979ರಲ್ಲಿ ಬಿದ್ದದ್ದರಿಂದ ಕಾರ್ಟರ್ ಪುಟ ತೆರೆಯಿತು. ನಿಕ್ಸನ್ ಪುಟ ಬಿಟ್ಟು ಕಾರ್ಟರ್ ಪುಟ ಓದಿದರೆ ಮಾತು ಗಾಳಿಯಿಂದ ಬಂದಂತೆ ಕಾಣುತ್ತದೆ.

ಬುಷ್ ಸಿದ್ಧಾಂತಕ್ಕೆ ಒಂದೇ ಪದ್ಯವಿಲ್ಲ. 2001ರ ಸೆಪ್ಟೆಂಬರ್ 20ರ ಭಾಷಣ, 2002ರ ಜೂನ್ 1ರ ವೆಸ್ಟ್ ಪಾಯಿಂಟ್ ಭಾಷಣ, 2002ರ ಸೆಪ್ಟೆಂಬರಿನ ರಾಷ್ಟ್ರೀಯ ಭದ್ರತಾ ಕಾರ್ಯತಂತ್ರ ಮೂರನ್ನೂ ಜೋಡಿಸಬೇಕು. ಅಪಾಯ ಬಂದೆರಗುವ ಮೊದಲೇ ಹೊಡೆಯುವುದು ಇದರ ತಿರುಳು, ಇಲ್ಲಿ ಪದದ ಎಚ್ಚರ ಬೇಕು. ಹೊಡೆಯಲು ಎತ್ತಿದ ಕೈಯನ್ನು ತಡೆಯುವುದು ಒಂದು. ಮುಂದೆ ಎಂದಾದರೂ ಎತ್ತೀತು ಎಂದು ಈಗಲೇ ಕೈ ಮುರಿಯುವುದು ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ ‘ಮುಂಗಡ ದಾಳಿ’ ಎಂದು ಬರೆದರೆ ಇಡೀ ವಾದ ಮುಚ್ಚಿಹೋಗುತ್ತದೆ. 2003ರ ಇರಾಕ್ ಯುದ್ಧದ ಮೇಲಿನ ಆಕ್ಷೇಪ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ‘ತಕ್ಷಣದ ಅಪಾಯಕ್ಕೆ ಮುಂಗಡ ದಾಳಿ’, ‘ದೂರದ ಅಪಾಯಕ್ಕೆ ಮುಂಗಡ ದಾಳಿ’ ಎಂದು ಬಿಡಿಸಿ ಬರೆಯಿರಿ. ಉದ್ದವಾದರೂ ಪರವಾಗಿಲ್ಲ.

ಅನುವಾದದಲ್ಲಿ ಜಾರುವ ಪದಗಳು

‘ಕಾಂಗ್ರೆಸ್’ ಎಂದರೆ ಇಲ್ಲಿನ ಓದುಗರಿಗೆ ಮೊದಲು ನೆನಪಾಗುವುದು ಪಕ್ಷ. ಉತ್ತರದ ಮೊದಲ ಸಲ ‘ಅಮೆರಿಕದ ಸಂಸತ್ತಾದ ಕಾಂಗ್ರೆಸ್’ ಎಂದು ಬರೆಯಿರಿ, ಆಮೇಲೆ ಬರಿದೇ ಕಾಂಗ್ರೆಸ್ ಸಾಕು. ‘ಸೆಕ್ರೆಟರಿ ಆಫ್ ಸ್ಟೇಟ್’ ರಾಜ್ಯ ಕಾರ್ಯದರ್ಶಿ ಅಲ್ಲ, ವಿದೇಶಾಂಗ ಮಂತ್ರಿ. ಮಂಚೂರಿಯಾ ವಿಚಾರದಲ್ಲಿ 1932ರಲ್ಲಿ ಬಂದ ಸ್ಟಿಮ್ಸನ್ ಸಿದ್ಧಾಂತ ಅಂಥ ಮಂತ್ರಿಯದು, ಅಧ್ಯಕ್ಷರದಲ್ಲ, ಪಟ್ಟಿಯಲ್ಲಿ ಸೇರಿಸಬೇಡಿ. ಮಧ್ಯಪ್ರಾಚ್ಯ, ಪಶ್ಚಿಮ ಏಷ್ಯಾ ಎರಡೂ ಒಂದೇ ಪ್ರದೇಶ. ಒಂದು ಉತ್ತರದಲ್ಲಿ ಒಂದೇ ಹೆಸರು ಬಳಸಿ.

‘ಸಿದ್ಧಾಂತ’ ಎಂಬ ನಮ್ಮ ಪದದ ಬಗ್ಗೆಯೂ ಒಂದು ಮಾತು. ಶಾಸ್ತ್ರವಾದದಲ್ಲಿ ಪೂರ್ವಪಕ್ಷ, ಅಂದರೆ ಎದುರಿನವರ ವಾದ, ಕೇಳಿದ ಮೇಲೆಯೇ ಸಿದ್ಧಾಂತ. ಈ ಪಾಠಕ್ಕೂ ಆ ಕ್ರಮ ಚೆನ್ನಾಗಿ ಹೊಂದುತ್ತದೆ. ಪ್ರತಿಯೊಬ್ಬ ಅಧ್ಯಕ್ಷರ ಮಾತಿನ ಹಿಂದೆ ಒಂದು ಪೂರ್ವಪಕ್ಷ ಇದ್ದೇ ಇರುತ್ತದೆ. ಮನ್ರೋಗೆ ಅದು ಬ್ರಿಟನ್ನಿನ ವಿದೇಶಾಂಗ ಮಂತ್ರಿ ಕ್ಯಾನಿಂಗ್ ಇಟ್ಟ ಪ್ರಸ್ತಾಪ: ಇಬ್ಬರೂ ಸೇರಿ ಜಂಟಿ ಹೇಳಿಕೆ ಕೊಡೋಣ. ವಿದೇಶಾಂಗ ಮಂತ್ರಿ ಜಾನ್ ಕ್ವಿನ್ಸಿ ಆಡಮ್ಸ್ ಒಪ್ಪಲಿಲ್ಲ, ಒಬ್ಬರೇ ಹೇಳೋಣ ಎಂದರು. 1823ರ ಡಿಸೆಂಬರ್ 2ರ ಸಂದೇಶ ಹಾಗೆ ಬಂತು.

ಆ ಸಂದೇಶ ಉದ್ದವಾದದ್ದು. ಪದ್ಯ ಅದರಲ್ಲಿ ಎರಡು ಕಡೆ ಚದುರಿದೆ. ರಷ್ಯಾದ ವಿಷಯ ಬರುವಾಗ ಆರಂಭದಲ್ಲಿ ಒಂದು: ಅಮೆರಿಕ ಖಂಡಗಳಲ್ಲಿ ಇನ್ನು ಹೊಸ ಯುರೋಪಿಯನ್ ವಸಾಹತು ಇಲ್ಲ. ಕೊನೆಯ ಭಾಗದಲ್ಲಿ ಇನ್ನೊಂದು: ಸ್ವತಂತ್ರವಾದ ದೇಶಗಳ ಮೇಲೆ ಯುರೋಪ್ ಕೈಹಾಕಬಾರದು, ಈಗಾಗಲೇ ಇರುವ ವಸಾಹತುಗಳ ತಂಟೆಗೆ ನಾವೂ ಹೋಗುವುದಿಲ್ಲ. ಆಗ ಅಮೆರಿಕದ ನೌಕಾಬಲ ಸಣ್ಣದು; ಅಟ್ಲಾಂಟಿಕ್ ಕಾದದ್ದು ಬ್ರಿಟನ್ನಿನ ನೌಕಾಪಡೆ. 1833ರಲ್ಲಿ ಅದೇ ಬ್ರಿಟನ್ ಫಾಕ್‌ಲೆಂಡ್ ದ್ವೀಪ ಹಿಡಿದಾಗ ಅಮೆರಿಕ ಸುಮ್ಮನಿತ್ತು. ‘ಬಿಟ್ಟದ್ದು’ ಖಾನೆಯ ಮೊದಲ ಸಾಲು. ಮನ್ರೋಗೆ ಎರಡು ಪುಟ ಸಾಲದು, ನಾಲ್ಕು ಬಿಡಿ. 1904ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಅನುಬಂಧ ಸೇರಿಸಿ, ‘ಯುರೋಪ್ ಬರಬಾರದು’ ಎಂಬುದನ್ನು ‘ಬೇಕಾದರೆ ನಾವೇ ಹೋಗುತ್ತೇವೆ’ ಎಂದು ತಿರುಗಿಸಿದರು. ಅರ್ಥ ಪದ್ಯವನ್ನೇ ಮೀರಿದ ಉದಾಹರಣೆ ಇದಕ್ಕಿಂತ ಸ್ಪಷ್ಟವಾದದ್ದಿಲ್ಲ.

ಕೂಟವಾಗಿ ಓದುವುದಾದರೆ

ಗ್ರಂಥಾಲಯದಲ್ಲಿ ಐದಾರು ಮಂದಿ, ಒಂದೂವರೆ ಗಂಟೆ, ಒಂದೇ ಸಿದ್ಧಾಂತ. ಒಬ್ಬರು ಪದ್ಯ ಓದಲಿ, ಎರಡು ಸಲ. ಒಬ್ಬರು ಅಧ್ಯಕ್ಷರಾಗಿ, ಒಬ್ಬರು ಹಣದ ಗಂಟು ಬಿಚ್ಚಲೊಪ್ಪದ ಸೆನೆಟರ್ ಆಗಿ, ಒಬ್ಬರು ಆ ಮಾತು ತಾಗುವ ದೇಶವಾಗಿ ಅರ್ಥ ಹೇಳಲಿ. ಟ್ರೂಮನ್ ದಿನ ಗ್ರೀಸ್, ಕಾರ್ಟರ್ ದಿನ ಇರಾನ್. ಮೂವರಿಗೂ ತಲಾ ಹತ್ತು ನಿಮಿಷ, ಆಮೇಲೆ ಪರಸ್ಪರ ಪ್ರಶ್ನೆ. ನಿಯಮ ಒಂದೇ: ಭಾಷಣದ ದಿನಾಂಕದ ನಂತರ ನಡೆದದ್ದನ್ನು ಯಾರೂ ಎತ್ತಬಾರದು. 1947ರ ಟ್ರೂಮನ್‌ಗೆ ವಿಯೆಟ್ನಾಂ ಗೊತ್ತಿಲ್ಲ. ಈ ನಿಯಮ ಮುರಿದರೆ ಮಾತೆಲ್ಲ ಇಂದಿನ ತೀರ್ಪಾಗುತ್ತದೆ, ಅಂದಿನ ಇಕ್ಕಟ್ಟು ಕಾಣುವುದಿಲ್ಲ. ಕೊನೆಯ ಇಪ್ಪತ್ತು ನಿಮಿಷದಲ್ಲಿ ನಿಯಮ ತೆಗೆದು, ಎಲ್ಲರೂ ಸೇರಿ ಬಲಪುಟದ ಖಾನೆ ತುಂಬಿಸಿ.

ಪರೀಕ್ಷೆಗೆ ಒಂದೂವರೆ ಪುಟದ ಉತ್ತರವಾದರೆ ಪೂರ್ವಪಕ್ಷಕ್ಕೆ ನಾಲ್ಕು ಸಾಲು, ಪದ್ಯಕ್ಕೆ ಆರು, ಕಾಯ್ದೆ–ಹಣ–ಪಡೆಗೆ ಹತ್ತು, ಬಿಟ್ಟದ್ದಕ್ಕೆ ನಾಲ್ಕು. ಉಳಿದ ಜಾಗ ನಿಮ್ಮ ಅಭಿಪ್ರಾಯಕ್ಕೆ.

ಮನ್ರೋ ಪುಟ ಇನ್ನೂ ಮುಗಿದಿಲ್ಲ. 2013ರ ನವೆಂಬರಿನಲ್ಲಿ ವಿದೇಶಾಂಗ ಮಂತ್ರಿ ಜಾನ್ ಕೆರಿ ಮನ್ರೋ ಸಿದ್ಧಾಂತದ ಯುಗ ಮುಗಿಯಿತು ಎಂದರು. 2025ರ ಡಿಸೆಂಬರಿನ ರಾಷ್ಟ್ರೀಯ ಭದ್ರತಾ ಕಾರ್ಯತಂತ್ರ ಅದಕ್ಕೆ ‘ಟ್ರಂಪ್ ಅನುಬಂಧ’ ಎಂಬುದನ್ನು ಸೇರಿಸಿತು. ಇಂಥ ಹೊಸ ಮಾತು ಪೇಪರಿನಲ್ಲಿ ಕಂಡ ದಿನ ಎಡಪುಟದಲ್ಲಿ ಮೂಲದ ಸಾಲನ್ನು ದಿನಾಂಕ ಸಹಿತ ಬರೆದಿಡಿ. ಬಲಪುಟದ ನಾಲ್ಕು ಖಾನೆ ಖಾಲಿ ಇರಲಿ. ಕಾಯ್ದೆ, ಹಣ, ಪಡೆ ಬಂದ ಹಾಗೆ ಪೆನ್ಸಿಲಿನಲ್ಲಿ ತುಂಬಿಸುತ್ತಾ ಹೋಗಿ.